ಜೊಲ್ಲು ನಿಂತರೆ ವಿಷ ಇಳಿಯಿತೇ? ನರ, ಮೇದೋಜೀರಕ ಮತ್ತು ನಮ್ಮ ತೋಟದ ಔಷಧಿ

ಮಲೆನಾಡಿನ ಪಶುವೈದ್ಯರಿಗೆ ಮಳೆ ಹಿಡಿಯುವ ಹೊತ್ತಿಗೆ ಬರುವ ಫೋನುಗಳಲ್ಲಿ ಒಂದು ಬಗೆಯದ್ದು ಹೀಗಿರುತ್ತದೆ. ‘ಡಾಕ್ಟ್ರೇ, ಬೆಳಿಗ್ಗೆ ಹಾಲು ಕೊಟ್ಟ ದನ. ಈಗ ಬಾಯಲ್ಲಿ ನೊರೆ ಸುರೀತಿದೆ, ಮೈಯೆಲ್ಲ ನಡುಗ್ತಿದೆ. ಸ್ವಲ್ಪ ಬೇಗ ಬನ್ನಿ.’ ವೈದ್ಯರು ಕೇಳುವ ಮೊದಲ ಪ್ರಶ್ನೆ ದನದ ಬಗ್ಗೆ ಅಲ್ಲ. ‘ತೋಟಕ್ಕೆ ಏನಾದ್ರೂ ಔಷಧಿ ಹೊಡ್ಸಿದ್ರಾ? ಹುಲ್ಲು ಎಲ್ಲಿಂದ ತಂದ್ರಿ? ಬಾಟ್ಲಿ ಇದ್ರೆ ಎತ್ತಿಡಿ.’

ಕೊಟ್ಟಿಗೆಗೆ ಹೋಗಿ ನೋಡಿದರೆ ಜೊಲ್ಲು ಎಳೆ ಎಳೆಯಾಗಿ ನೆಲ ಮುಟ್ಟುತ್ತಿರುತ್ತದೆ. ಕಣ್ಣಲ್ಲಿ ನೀರು. ಸಗಣಿ ನೀರಾಗಿ ಹೋಗುತ್ತಿರುತ್ತದೆ, ಮೂತ್ರ ತೊಟ್ಟಿಕ್ಕುತ್ತಲೇ ಇರುತ್ತದೆ. ದನದ ಕಣ್ಣಿನ ಪಾಪೆ ಅಡ್ಡಲಾಗಿ ಉದ್ದ ಇರುತ್ತದಲ್ಲ, ಅದು ಸಣ್ಣ ಗೀರಿನಷ್ಟಾಗಿರುತ್ತದೆ. ಎದೆಗೆ ಸ್ಟೆತಸ್ಕೋಪ್ ಇಟ್ಟರೆ ಗೊರಗೊರ ಸದ್ದು. ಇದು ಆರ್ಗನೋಫಾಸ್ಫೇಟ್ ಗುಂಪಿನ ಕೀಟನಾಶಕದ ವಿಷ. ಕ್ಲೋರ್‌ಪೈರಿಫಾಸ್, ಕ್ವಿನಾಲ್‌ಫಾಸ್, ಡೈಮೆಥೋಯೇಟ್, ಮೊನೊಕ್ರೊಟೊಫಾಸ್, ಮೆಲಾಥಿಯಾನ್ ಎಲ್ಲ ಈ ಗುಂಪಿಗೇ ಸೇರಿದವು.

ಇಷ್ಟೆಲ್ಲ ಹೊರಗೆ ಕಾಣುವಂಥದ್ದು. ಹೊಟ್ಟೆಯೊಳಗೆ ಇನ್ನೊಂದು ಗ್ರಂಥಿಗೂ ಅದೇ ಹೊತ್ತಿಗೆ ಅದೇ ಆಜ್ಞೆ ಹೋಗಿರುತ್ತದೆ: ಸುರಿಸು, ನಿಲ್ಲಿಸಬೇಡ. ಆ ಗ್ರಂಥಿ ಮೇದೋಜೀರಕ, ಇಂಗ್ಲಿಷಿನ ಪ್ಯಾಂಕ್ರಿಯಾಸ್. ಕೀಟನಾಶಕದ ವಿಷದ ಬಗ್ಗೆ ಮಾತು ಬಂದಾಗಲೆಲ್ಲ ನಾವು ಉಸಿರು, ಹೃದಯ, ಜೊಲ್ಲು ಎನ್ನುತ್ತೇವೆ. ಮೇದೋಜೀರಕದ ಹೆಸರು ಬರುವುದೇ ಅಪರೂಪ. ದನದ ಮಟ್ಟಿಗೆ ಇದು ದೊಡ್ಡ ತಪ್ಪಲ್ಲ. ನಾಯಿ ಮತ್ತು ಮನುಷ್ಯರ ಮಟ್ಟಿಗೆ ದೊಡ್ಡ ತಪ್ಪು. ಯಾಕೆ ಈ ವ್ಯತ್ಯಾಸ ಅಂತ ತಿಳಿಯಬೇಕಾದರೆ ಮೇದೋಜೀರಕ ಯಾರ ಮಾತು ಕೇಳುತ್ತದೆ ಎನ್ನುವುದನ್ನು ನೋಡಬೇಕು.

ಮೇದೋಜೀರಕಕ್ಕೆ ಎರಡು ಕೆಲಸ. ಒಂದು, ರಕ್ತದ ಸಕ್ಕರೆ ಇಳಿಸುವ ಇನ್ಸುಲಿನ್ ಮತ್ತು ಏರಿಸುವ ಗ್ಲುಕಗಾನ್ ಅನ್ನು ರಕ್ತಕ್ಕೆ ಬಿಡುವುದು. ಎರಡು, ಸಣ್ಣ ಕರುಳಿಗೆ ಜೀರ್ಣರಸ ಸುರಿಸುವುದು. ಮನುಷ್ಯರಲ್ಲಿ ಈ ರಸ ದಿನಕ್ಕೆ ಒಂದರಿಂದ ಒಂದೂವರೆ ಲೀಟರ್ ಬರುತ್ತದೆ. ಹೊಟ್ಟೆಯಿಂದ ಬಂದ ಆಮ್ಲವನ್ನು ತಣಿಸುವ ಬೈಕಾರ್ಬನೇಟ್ ಇದರಲ್ಲಿದೆ. ಪಿಷ್ಟ, ಕೊಬ್ಬು, ಪ್ರೋಟೀನು ಒಡೆಯುವ ಕಿಣ್ವಗಳೂ ಇವೆ. ಪ್ರೋಟೀನು ಒಡೆಯುವ ಕಿಣ್ವ ಗ್ರಂಥಿಯೊಳಗೇ ಎಚ್ಚರಗೊಂಡರೆ ಅದು ಗ್ರಂಥಿಯನ್ನೇ ತಿನ್ನಲು ಶುರುಮಾಡುತ್ತದೆ. ಹಾಗಾಗಿ ಅದನ್ನು ನಿಷ್ಕ್ರಿಯ ರೂಪದಲ್ಲಿ, ಸಣ್ಣ ಸಣ್ಣ ಕಾಳುಗಳಲ್ಲಿ ಕಟ್ಟಿ ಇಡಲಾಗಿರುತ್ತದೆ. ಕರುಳಿಗೆ ಬಿದ್ದ ಮೇಲೆಯೇ ಅದು ಚುರುಕಾಗಬೇಕು. ಇಷ್ಟು ಅಪಾಯದ ಸರಕನ್ನು ಯಾವಾಗ, ಎಷ್ಟು ಬಿಡಬೇಕು ಎಂದು ಹೇಳುವವರು ಯಾರು?

ಈ ಪ್ರಶ್ನೆಗೆ ಗಟ್ಟಿ ಉತ್ತರ ಕಂಡುಕೊಂಡವರು ರಷ್ಯಾದ ಇವಾನ್ ಪಾವ್ಲೊವ್. ಗಂಟೆ ಬಾರಿಸಿದರೆ ಜೊಲ್ಲು ಸುರಿಸುವ ನಾಯಿಯಿಂದಾಗಿ ಅವರ ಹೆಸರು ಎಲ್ಲರಿಗೂ ಗೊತ್ತು. ಆದರೆ 1904ರಲ್ಲಿ ಅವರಿಗೆ ನೊಬೆಲ್ ಬಂದಿದ್ದು ಜೀರ್ಣಕ್ರಿಯೆಯ ಕೆಲಸಕ್ಕೆ. ಮಿದುಳಿನ ಬುಡದಿಂದ ಹೊರಟು, ಕುತ್ತಿಗೆಯ ಪಕ್ಕದಲ್ಲಿ ಇಳಿದು, ಎದೆ ದಾಟಿ ಹೊಟ್ಟೆಗೆ ಹೋಗುವ ಉದ್ದನೆಯ ನರವೊಂದಿದೆ, ವೇಗಸ್. ಅದನ್ನು ಪ್ರಚೋದಿಸಿದರೆ ಮೇದೋಜೀರಕ ರಸ ಬರುತ್ತದೆಯೇ ಎಂದು ಅವರಿಗಿಂತ ಮೊದಲೂ ಕೆಲವರು ನೋಡಿದ್ದರು. ಸರಿಯಾಗಿ ಬಂದಿರಲಿಲ್ಲ. ಕಾರಣ ಎರಡು. ವೇಗಸ್‌ಗೆ ವಿದ್ಯುತ್ ಕೊಟ್ಟರೆ ಹೃದಯವೂ ನಿಧಾನವಾಗುತ್ತದೆ, ನಿಂತೂ ಹೋಗಬಹುದು. ಜೊತೆಗೆ ಶಸ್ತ್ರಚಿಕಿತ್ಸೆಯ ನೋವಿಗೇ ಮೇದೋಜೀರಕ ರಸ ಕಟ್ಟಿಹೋಗುತ್ತದೆ.

ಪಾವ್ಲೊವ್ ಮಾಡಿದ ಉಪಾಯ ಚೆಂದ ಇದೆ. ನಾಯಿಯ ವೇಗಸ್ ನರವನ್ನು ಕತ್ತರಿಸಿ ಕೆಲವು ದಿನ ಹಾಗೇ ಬಿಟ್ಟರು. ಅಷ್ಟರಲ್ಲಿ ಹೃದಯವನ್ನು ನಿಧಾನ ಮಾಡುವ ಎಳೆಗಳು ಸತ್ತವು, ರಸ ಸುರಿಸುವ ಎಳೆಗಳು ಇನ್ನೂ ಜೀವಂತ ಇದ್ದವು. ಆಮೇಲೆ ತುಂಡಾದ ನರದ ಕೆಳತುದಿಗೆ ಪ್ರಚೋದನೆ ಕೊಟ್ಟರು. ಹೃದಯಕ್ಕೆ ಏನೂ ಆಗಲಿಲ್ಲ, ಮೇದೋಜೀರಕದ ನಾಳದಲ್ಲಿ ರಸ ಹನಿಯಿತು. ಇನ್ನೊಂದು ಪ್ರಯೋಗದಲ್ಲಿ ನಾಯಿ ತಿಂದ ಮಾಂಸ ಹೊಟ್ಟೆಗೆ ಹೋಗದೆ ಗಂಟಲ ಹತ್ತಿರದ ತೂತಿನಿಂದ ಹೊರಬೀಳುವ ಹಾಗೆ ಮಾಡಿದರು. ಹೊಟ್ಟೆಗೆ ಏನೂ ಸೇರದಿದ್ದರೂ ಕೆಲವೇ ನಿಮಿಷಗಳಲ್ಲಿ ಮೇದೋಜೀರಕ ಕೆಲಸ ಶುರುಮಾಡಿತು. ನೋಡುವುದು, ಮೂಸುವುದು, ಅಗಿಯುವುದು ಇಷ್ಟೇ ಸಾಕಾಗಿತ್ತು. ಇವತ್ತಿನ ಲೆಕ್ಕದಲ್ಲಿ, ಊಟದ ಹೊತ್ತಿನ ಮೇದೋಜೀರಕ ರಸದಲ್ಲಿ ಶೇ. 20ರಿಂದ 25ರಷ್ಟು ಹೀಗೆ ತಲೆಯಿಂದ ಬಂದ ಆಜ್ಞೆಯದ್ದು. ನಾಯಿಗಳು ಪಟ್ಟ ಕಷ್ಟದ ಬಗ್ಗೆ ಈಗ ಓದಿದರೆ ಹೊಟ್ಟೆ ತೊಳಸುತ್ತದೆ, ಅದು ಬೇರೆ ಮಾತು.

ಹಾಗಾದರೆ ಎಲ್ಲ ನರದ್ದೇ ಆಟ ಅಂತ ಪಾವ್ಲೊವ್ ಕಡೆಯವರು ನಂಬಿದ್ದರು. 1902ರ ಜನವರಿ 16ರಂದು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಆ ನಂಬಿಕೆ ಅಲುಗಾಡಿತು. ವಿಲಿಯಂ ಬೇಲಿಸ್ ಮತ್ತು ಅರ್ನೆಸ್ಟ್ ಸ್ಟಾರ್ಲಿಂಗ್ ಅರಿವಳಿಕೆ ಕೊಟ್ಟ ನಾಯಿಯ ಕರುಳಿನ ಒಂದು ತುಂಡಿನ ನರಗಳನ್ನೆಲ್ಲ ಕಿತ್ತು, ರಕ್ತನಾಳ ಮಾತ್ರ ಉಳಿಸಿ, ಅದರೊಳಗೆ ಆಮ್ಲ ಬಿಟ್ಟರು. ನರ ಇಲ್ಲದಿದ್ದರೂ ಮೇದೋಜೀರಕ ರಸ ಸುರಿಸಿತು. ಸ್ಟಾರ್ಲಿಂಗ್ ತಕ್ಷಣ ಕರುಳಿನ ಒಳಪದರ ಕೆರೆದು ತೆಗೆದು, ಮರಳು ಮತ್ತು ಆಮ್ಲದ ಜೊತೆ ಅರೆದು, ಸೋಸಿ, ನಾಯಿಯ ರಕ್ತಕ್ಕೆ ಚುಚ್ಚಿದರು. ಮತ್ತೆ ರಸ! ಆ ವಸ್ತುವಿಗೆ ಸಿಕ್ರೆಟಿನ್ ಎಂದು ಹೆಸರಿಟ್ಟರು. ಹಾರ್ಮೋನ್ ಎನ್ನುವ ಪದ ಬಂದಿದ್ದು ಮೂರು ವರ್ಷದ ನಂತರ, ಸ್ಟಾರ್ಲಿಂಗ್ ಭಾಷಣದಲ್ಲಿ. ಪಾವ್ಲೊವ್ ತಮ್ಮ ಲ್ಯಾಬಿನಲ್ಲಿ ಅದೇ ಪ್ರಯೋಗ ಮಾಡಿಸಿ ನೋಡಿ, ಅವರು ಹೇಳಿದ್ದೇ ಸರಿ ಅಂತ ಒಪ್ಪಿಕೊಂಡರು.

ಪಠ್ಯಪುಸ್ತಕಗಳು ಸಾಮಾನ್ಯವಾಗಿ ಕಥೆಯನ್ನು ಇಲ್ಲಿಗೆ ನಿಲ್ಲಿಸುತ್ತವೆ. ನರ ಸೋತಿತು, ಹಾರ್ಮೋನ್ ಗೆದ್ದಿತು. ಆದರೆ ಮುಂದೆ ಆಗಿದ್ದು ತಮಾಷೆಯಾಗಿದೆ. ಕೊಬ್ಬು, ಪ್ರೋಟೀನು ಕರುಳಿಗೆ ಬಂದಾಗ ಕೋಲಿಸಿಸ್ಟೋಕೈನಿನ್ ಎಂಬ ಇನ್ನೊಂದು ಹಾರ್ಮೋನ್ ಹೊರಡುತ್ತದೆ, ಕಿಣ್ವ ಬಿಡಿಸುವುದು ಅದರ ಕೆಲಸ. ಅದು ರಕ್ತದಲ್ಲಿ ಹರಿದು ನೇರ ಮೇದೋಜೀರಕಕ್ಕೆ ಹೋಗುತ್ತದೆ ಎಂದೇ ತಿಳಿದಿದ್ದರು. 1990ರ ದಶಕದಲ್ಲಿ ಇಲಿಗಳ ಮೇಲೆ ನಡೆದ ಪ್ರಯೋಗಗಳು ಬೇರೆಯೇ ದಾರಿ ತೋರಿಸಿದವು. ಊಟದ ನಂತರ ಸಹಜವಾಗಿ ಬರುವ ಪ್ರಮಾಣದಲ್ಲಿ ಈ ಹಾರ್ಮೋನ್ ಕರುಳಿನಲ್ಲೇ ಇರುವ ವೇಗಸ್ ನರದ ತುದಿಗಳನ್ನು ತಟ್ಟುತ್ತದೆ. ಸುದ್ದಿ ಮಿದುಳಿನ ಬುಡಕ್ಕೆ ಹೋಗುತ್ತದೆ. ಅಲ್ಲಿಂದ ಆಜ್ಞೆ ಮತ್ತೆ ವೇಗಸ್ ನರದಲ್ಲೇ ಇಳಿದು ಮೇದೋಜೀರಕ ತಲುಪುತ್ತದೆ. ಈ ನರದ ದಾರಿ ಕಟ್ಟಿದರೆ ಹಾರ್ಮೋನ್ ಇದ್ದರೂ ಕೆಲಸ ಬಹುಪಾಲು ನಿಂತುಹೋಗುತ್ತದೆ. ಅಂದರೆ ಹಾರ್ಮೋನ್ ಕೂಡ ನರದ ಬಾಯಿಂದಲೇ ಮಾತಾಡುತ್ತಿತ್ತು! ನೂರು ವರ್ಷದ ಜಗಳದಲ್ಲಿ ಇಬ್ಬರೂ ಅರ್ಧರ್ಧ ಸರಿ ಇದ್ದರು ಎನ್ನುವುದಕ್ಕಿಂತ, ಪಾವ್ಲೊವ್ ಅವರು ಕೊಂಚ ಬೇಗ ಸೋಲೊಪ್ಪಿಕೊಂಡರು ಎನ್ನುವುದೇ ನನಗೆ ಸರಿ ಅನ್ನಿಸುತ್ತದೆ.

ಈಗ ವಿಷದ ಹತ್ತಿರ ಬರೋಣ. ವೇಗಸ್ ನರದ ಆಜ್ಞೆ ಕೊನೆಗೆ ಗ್ರಂಥಿಯ ಜೀವಕೋಶಕ್ಕೆ ದಾಟುವುದು ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕದ ಮೂಲಕ. ನರದ ತುದಿಯಿಂದ ಅದು ಹೊರಬಿದ್ದು ಜೀವಕೋಶದ ಮೇಲೆ ಆಜ್ಞೆ ಹಿಡಿಯಲೆಂದೇ ಇರುವ ಗ್ರಾಹಕಕ್ಕೆ (ರಿಸೆಪ್ಟರ್) ಕೂರುತ್ತದೆ. ಒಳಗೆ ಕ್ಯಾಲ್ಸಿಯಂ ಏರುತ್ತದೆ, ಕಿಣ್ವದ ಕಾಳುಗಳು ಒಡೆದು ನಾಳಕ್ಕೆ ಸುರಿಯುತ್ತವೆ. ಆಜ್ಞೆ ಮುಗಿದ ಕೂಡಲೇ ಅಸಿಟೈಲ್‌ಕೋಲಿನ್ ಅನ್ನು ಒಡೆದುಹಾಕಲು ಒಂದು ಕಿಣ್ವ ಕಾದಿರುತ್ತದೆ. ಅದರ ಒಂದೊಂದು ಕಣವೂ ಸೆಕೆಂಡಿಗೆ ಸಾವಿರಾರು ಅಸಿಟೈಲ್‌ಕೋಲಿನ್ ಕಣಗಳನ್ನು ಒಡೆಯುತ್ತದೆ. ಆರ್ಗನೋಫಾಸ್ಫೇಟ್ ಮಾಡುವುದು ಇಷ್ಟೇ: ಈ ಕಿಣ್ವಕ್ಕೆ ಅಂಟಿಕೊಂಡು ಅದನ್ನು ಕೆಲಸಕ್ಕೆ ಬಾರದ ಹಾಗೆ ಮಾಡುತ್ತದೆ. ಕರೆಗಂಟೆಯ ಗುಂಡಿ ಒತ್ತಿದವರು ಬೆರಳು ತೆಗೆಯದೇ ನಿಂತ ಹಾಗೆ. ಹುಳಕ್ಕೂ ದನಕ್ಕೂ ನಮಗೂ ಈ ಕಿಣ್ವ ಹೆಚ್ಚುಕಡಿಮೆ ಒಂದೇ ಬಗೆಯದ್ದು, ಅದೇ ತೊಂದರೆ.

ನಾಯಿಯ ಮೇದೋಜೀರಕದಲ್ಲಿ ಆಗ ಎರಡು ಸಂಗತಿ ಒಟ್ಟಿಗೆ ನಡೆಯುತ್ತವೆ. ಜೀವಕೋಶಗಳು ಒಂದೇ ಸಮನೆ ರಸ ಸುರಿಸುತ್ತವೆ. ರಸ ಕರುಳಿಗೆ ಇಳಿಯುವ ಬಾಗಿಲಿನ ಸ್ನಾಯು ಮಾತ್ರ ಬಿಗಿಯುತ್ತದೆ. ಒಳಗೆ ಒತ್ತಡ ಏರುತ್ತದೆ. ಕರುಳಿನಲ್ಲಿ ಎಚ್ಚರಗೊಳ್ಳಬೇಕಾದ ಕಿಣ್ವ ಗ್ರಂಥಿಯಲ್ಲೇ ಎಚ್ಚರಗೊಳ್ಳುತ್ತದೆ, ಮೇದೋಜೀರಕ ಊದಿಕೊಳ್ಳುತ್ತದೆ. ನಾಯಿಗಳ ಮೇಲಿನ ಪ್ರಯೋಗಗಳಲ್ಲಿ ಇದನ್ನು ನೇರವಾಗಿ ನೋಡಿದ್ದಾರೆ. ಕೀಟನಾಶಕ ಮೈಗೆ ಸೇರಿದ ಮನುಷ್ಯರಲ್ಲೂ ಇದು ವೈದ್ಯರಿಗೆ ಪರಿಚಿತ ತೊಡಕು. ಕೆರಿಬಿಯನ್ನಿನ ಟ್ರಿನಿಡಾಡ್ ದ್ವೀಪದಲ್ಲಿ ಒಂದು ಜಾತಿಯ ಚೇಳು ಕಡಿದವರಿಗೂ ಮೇದೋಜೀರಕ ಊದಿಕೊಳ್ಳುತ್ತದೆ. ಆ ಚೇಳಿನ ವಿಷ ಕೂಡ ನರದ ತುದಿಯಿಂದ ಅಸಿಟೈಲ್‌ಕೋಲಿನ್ ಹೊರಗೆ ಚೆಲ್ಲಿಸುತ್ತದೆ. ಚೇಳೂ ಕೀಟನಾಶಕವೂ ಒತ್ತುತ್ತಿರುವುದು ಒಂದೇ ಗುಂಡಿಯನ್ನು.

ದನದ ಕಥೆ ಬೇರೆ. ಮೆಲುಕು ಹಾಕುವ ಪ್ರಾಣಿಗೆ ಊಟದ ಹೊತ್ತು ಅಂತ ಒಂದಿಲ್ಲ. ದೊಡ್ಡ ಹೊಟ್ಟೆಯಿಂದ ಅರೆಬರೆ ಕರಗಿದ ಮೇವು ಹಗಲು ರಾತ್ರಿ ಕರುಳಿಗೆ ಇಳಿಯುತ್ತಲೇ ಇರುತ್ತದೆ. ಹಾಗಾಗಿ ಮೇದೋಜೀರಕ ರಸವೂ ಹೆಚ್ಚುಕಡಿಮೆ ಸದಾ ಹರಿಯುತ್ತದೆ. ಹಿಂಡಿ ಬಕೆಟ್ಟಿನ ಸದ್ದು ಕೇಳಿ ಮಲೆನಾಡು ಗಿಡ್ಡ ತಳಿಯ ದನ ಎದ್ದು ನಿಲ್ಲಬಹುದು, ಆದರೆ ನಾಯಿಯ ಹಾಗೆ ಅದರ ಮೇದೋಜೀರಕ ಆ ಸದ್ದಿಗೆ ಕಾದು ಕೂತಿರುವುದಿಲ್ಲ. ಆ ರಸದಲ್ಲಿರುವ ಸರಕೂ ಬೇರೆ. ದನದ ಮೇದೋಜೀರಕದಲ್ಲಿ ರೈಬೋನ್ಯೂಕ್ಲಿಯೇಸ್ ಎಂಬ ಕಿಣ್ವ ರಾಶಿ ಇದೆ. ದೊಡ್ಡ ಹೊಟ್ಟೆಯಲ್ಲಿ ಬೆಳೆದ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳೇ ದನಕ್ಕೆ ಆಹಾರ, ಅವುಗಳೊಳಗಿನ ಆರ್‌ಎನ್‌ಎ ಒಡೆಯಲು ಇದು ಬೇಕು. ಈ ಕಿಣ್ವ ದನದಲ್ಲಿ ಇಷ್ಟು ಸುಲಭವಾಗಿ ಸಿಕ್ಕಿದ್ದರಿಂದಲೇ ವಿಜ್ಞಾನಿಗಳು ಪ್ರೋಟೀನಿನ ರಚನೆ ಕಲಿಯಲು ಇದನ್ನು ಆರಿಸಿಕೊಂಡರು. ಆ ಕೆಲಸಕ್ಕೆ 1972ರಲ್ಲಿ ಆನ್‌ಫಿನ್‌ಸೆನ್, ಮೂರ್ ಮತ್ತು ಸ್ಟೈನ್ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಬಂತು.

ಕರುವಿಗೆ ಮಾತ್ರ ನರದ ಹಿಡಿತ ಜೋರಾಗಿಯೇ ಇದೆ. ಹಾಲು ಕುಡಿಯುವ ಕರು ಊಟದ ಹೊತ್ತು ಇರುವ ಪ್ರಾಣಿ. ಕೆಚ್ಚಲಿಗೆ ಬಾಯಿ ಹಾಕುವ ಮೊದಲೇ ಅದರ ಮೇದೋಜೀರಕ ತಯಾರಾಗುತ್ತದೆ. ಕರುವಿನ ವೇಗಸ್ ನರವನ್ನು ಸ್ವಲ್ಪ ಹೊತ್ತು ತಣ್ಣಗೆ ಮಾಡಿ ಮಂಕು ಮಾಡಿದಾಗ ರಸ ಕಡಿಮೆಯಾಗಿದ್ದನ್ನು ಪ್ರಯೋಗಗಳಲ್ಲಿ ಕಂಡಿದ್ದಾರೆ. ಚೀಪಿದ ಹಾಲು ದೊಡ್ಡ ಹೊಟ್ಟೆಗೆ ಬೀಳದೆ ನೇರ ನಾಲ್ಕನೇ ಹೊಟ್ಟೆಗೆ ಹೋಗುವಂತೆ ಒಂದು ಕೊಳವೆ ಮುಚ್ಚಿಕೊಳ್ಳುತ್ತದಲ್ಲ, ಅದೂ ವೇಗಸ್ ನರದ್ದೇ ಕೆಲಸ. ಹುಲ್ಲು ಕಚ್ಚಲು ಕಲಿತ ಮೇಲೆ ಇದೆಲ್ಲ ನಿಧಾನವಾಗಿ ಹಿಂದೆ ಸರಿಯುತ್ತದೆ.

ಹಾಗಾಗಿ ದೊಡ್ಡ ದನಕ್ಕೆ ವಿಷ ಏರಿದಾಗ ವೈದ್ಯರು ಮೇದೋಜೀರಕದ ಬಗ್ಗೆ ತಲೆಕೆಡಿಸಿಕೊಳ್ಳದೆ ಉಸಿರನ್ನು ನೋಡುವುದು ಸರಿಯೇ. ಶ್ವಾಸನಾಳ ತುಂಬಿ, ಉಸಿರಿನ ಸ್ನಾಯು ಸೋತು ಸಾಯುವುದೇ ಮೊದಲ ಅಪಾಯ. ಅಟ್ರೋಪಿನ್ ಚುಚ್ಚಿದರೆ ಅದು ಗ್ರಾಹಕದ ಮೇಲೆ ಕೂತು ಅಸಿಟೈಲ್‌ಕೋಲಿನ್‌ಗೆ ಜಾಗ ಕೊಡುವುದಿಲ್ಲ. ಜೊಲ್ಲು ನಿಲ್ಲುತ್ತದೆ, ಎದೆ ಹಗುರಾಗುತ್ತದೆ. ಆದರೆ ಮೈನಡುಕಕ್ಕೂ ಸೋತ ಸ್ನಾಯುವಿಗೂ ಅಟ್ರೋಪಿನ್ ಮುಟ್ಟುವುದಿಲ್ಲ, ಅಲ್ಲಿನ ಗ್ರಾಹಕ ಬೇರೆ. ಸಿಕ್ಕಿಬಿದ್ದ ಕಿಣ್ವವನ್ನೇ ಬಿಡಿಸುವ ಪ್ರಾಲಿಡಾಕ್ಸಿಮ್ ಎಂಬ ಮದ್ದಿದೆ. ಹೊತ್ತು ಕಳೆದಷ್ಟೂ ವಿಷ ಕಿಣ್ವಕ್ಕೆ ಗಟ್ಟಿಯಾಗಿ ಅಂಟುತ್ತದೆ, ಆಮೇಲೆ ಅದನ್ನು ಕೊಟ್ಟೂ ಪ್ರಯೋಜನವಿಲ್ಲ.

ವೇಗಸ್ ನರಕ್ಕೆ ಎದುರಾಗಿ ಎಳೆಯುವ ಇನ್ನೊಂದು ನರಜಾಲವೂ ಇದೆ, ಹೆದರಿಕೆ, ನೋವು, ಓಟದ ಹೊತ್ತಿನದ್ದು. ಅದು ಮೇದೋಜೀರಕದ ರಕ್ತನಾಳ ಬಿಗಿದು ರಸ ಕಡಿಮೆ ಮಾಡುತ್ತದೆ, ಇನ್ಸುಲಿನ್ ತಡೆಯುತ್ತದೆ, ಗ್ಲುಕಗಾನ್ ಏರಿಸುತ್ತದೆ. ಇದರ ಕೈಚಳಕ ಪಶುವೈದ್ಯರಿಗೆ ಚೆನ್ನಾಗಿ ಗೊತ್ತು. ದನವನ್ನು ಮಂಪರು ಮಾಡಲು ಕೊಡುವ ಝೈಲಾಜಿನ್ ಈ ಜಾಲದ ಒಂದು ಗ್ರಾಹಕವನ್ನೇ ಹಿಡಿಯುತ್ತದೆ. ಇನ್ಸುಲಿನ್ ಇಳಿಯುತ್ತದೆ, ರಕ್ತದ ಸಕ್ಕರೆ ಏರುತ್ತದೆ, ದನ ಜಾಸ್ತಿ ಮೂತ್ರ ಮಾಡುತ್ತದೆ.

ಇದು ಯಾಕೆ ಇಲ್ಲಿ ಬಂತು ಅಂದರೆ, ನಮ್ಮ ಕಡೆ ಮನೆಯ ಮಾಡಿನಲ್ಲಿ ಇಂಥದ್ದೇ ಇನ್ನೊಂದು ಬಾಟಲಿ ಇರುತ್ತದೆ. ಉಣುಗಿಗೆ ಹಚ್ಚುವ ಅಮಿಟ್ರಾಜ್. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಉಣುಗಿನಿಂದ ಹರಡುವ ಮಂಗನ ಕಾಯಿಲೆ ಪತ್ತೆಯಾದಾಗಿನಿಂದ ಉಣುಗು ಎಂದರೆ ಮಲೆನಾಡಿಗೆ ಬರೀ ದನದ ಕಿರಿಕಿರಿಯಲ್ಲ. ಹಾಗಾಗಿ ದನಕ್ಕೆ, ನಾಯಿಗೆ ಉಣುಗಿನ ಮದ್ದು ಹಚ್ಚುವುದು ಸರಿಯಾದ ಕೆಲಸವೇ. ಆದರೆ ಅಮಿಟ್ರಾಜ್ ಹೆಚ್ಚಾದರೆ ಝೈಲಾಜಿನ್ ಹಿಡಿಯುವ ಗ್ರಾಹಕವನ್ನೇ ಅದೂ ಹಿಡಿಯುತ್ತದೆ. ಪ್ರಾಣಿ ಮಂಕಾಗುತ್ತದೆ, ಹೃದಯ ನಿಧಾನವಾಗುತ್ತದೆ, ಹೊಟ್ಟೆ ಉಬ್ಬುತ್ತದೆ, ಸಕ್ಕರೆ ಏರುತ್ತದೆ, ಪಾಪೆ ಹಿಗ್ಗುತ್ತದೆ. ಇದಕ್ಕೆ ಅಟ್ರೋಪಿನ್ ಮದ್ದಲ್ಲ, ಕೊಟ್ಟರೆ ಮೊದಲೇ ಮಲಗಿದ ಕರುಳು ಇನ್ನಷ್ಟು ಮಲಗುತ್ತದೆ. ಯೋಹಿಂಬಿನ್ ಥರದ ಬೇರೆ ಮದ್ದು ಬೇಕು. ‘ಏನೋ ಔಷಧಿ, ವಿಷ ಆಗಿದೆ’ ಅಂದರೆ ವೈದ್ಯರಿಗೆ ಅರ್ಧ ಸುದ್ದಿಯೂ ಸಿಕ್ಕ ಹಾಗಲ್ಲ. ಬಾಟಲಿ ಎತ್ತಿಡಿ ಅನ್ನುವುದು ಇದಕ್ಕೇ. ಅದರ ಲೇಬಲ್ಲಿನಲ್ಲಿ ಕೆಂಪು, ಹಳದಿ, ನೀಲಿ, ಹಸಿರು ತ್ರಿಕೋನದ ಜೊತೆಗೆ ಪ್ರತಿವಿಷ ಯಾವುದು ಅಂತಲೂ ಬರೆದಿರುತ್ತದೆ.

ತೋಟಕ್ಕೆ ಹೊಡೆಯುವ ಎಲ್ಲವೂ ಇಂಥ ವಿಷ ಅಲ್ಲ, ಇದನ್ನೂ ಹೇಳಬೇಕು. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ಅಂದರೆ ಮೈಲುತುತ್ತ ಮತ್ತು ಸುಣ್ಣದ ದ್ರಾವಣ. ಮೈಸೂರು ಸಂಸ್ಥಾನದಲ್ಲಿದ್ದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರು 1910ರ ಹೊತ್ತಿಗೆ ಅಡಿಕೆಗೆ ಇದನ್ನು ಪ್ರಚಾರ ಮಾಡಿದರು. ಅದಕ್ಕೂ ಈ ನರಕ್ಕೂ ಸಂಬಂಧ ಇಲ್ಲ. ತಾಮ್ರದ ಅಪಾಯ ಬೇರೆ, ಅದು ಕುರಿಗಳಿಗೆ ಜಾಸ್ತಿ. ಈಗ ಎಲೆಚುಕ್ಕಿ ರೋಗಕ್ಕೆ ಹೊಡೆಯುತ್ತಿರುವ ಪ್ರೊಪಿಕೊನಜೋಲ್, ಹೆಕ್ಸಾಕೊನಜೋಲ್ ಕೂಡ ಶಿಲೀಂಧ್ರನಾಶಕಗಳು. ನರದ ವಿಷ ಬರುವುದು ಹುಳದ ಔಷಧಿಯಲ್ಲಿ: ಅಡಿಕೆಯ ಬೇರುಹುಳುವಿಗೆ ಬುಡಕ್ಕೆ ಹೊಯ್ಯುವ ಕ್ಲೋರ್‌ಪೈರಿಫಾಸ್, ಶುಂಠಿಯ ಕಾಂಡಕೊರಕಕ್ಕೆ ಹೊಡೆಯುವ ಮೆಲಾಥಿಯಾನ್, ಡೈಮೆಥೋಯೇಟ್. ಅಡಿಕೆ ಬುಡದ ಹುಲ್ಲನ್ನೇ ಕೊಯ್ದು ಕೊಟ್ಟಿಗೆಗೆ ತರುವ ನಮ್ಮ ಪದ್ಧತಿಯಲ್ಲಿ ಬುಡಕ್ಕೆ ಹೊಯ್ದದ್ದು ಬಾಯಿಗೆ ಬರಲು ತಡವಾಗುವುದಿಲ್ಲ. ಖಾಲಿ ಡಬ್ಬ ತೊಳೆದು ಕಲಗಚ್ಚಿಗೆ ಇಡುವುದು ಇನ್ನೂ ಕೆಟ್ಟದ್ದು. 2013ರ ಜುಲೈಯಲ್ಲಿ ಬಿಹಾರದ ಸಾರಣ್ ಜಿಲ್ಲೆಯಲ್ಲಿ ಬಿಸಿಯೂಟ ಉಂಡ 23 ಮಕ್ಕಳು ಸತ್ತರು. ಅಡುಗೆ ಎಣ್ಣೆಯಲ್ಲಿ ಸಿಕ್ಕಿದ್ದು ಮೊನೊಕ್ರೊಟೊಫಾಸ್.

ಕ್ಲೋರ್‌ಪೈರಿಫಾಸ್‌ಗೆ ಯುರೋಪಿಯನ್ ಒಕ್ಕೂಟ 2020ರಲ್ಲೇ ಬಾಗಿಲು ಹಾಕಿತು. 2025ರ ಮೇ ತಿಂಗಳಲ್ಲಿ, ಬೇಗ ಕರಗದೆ ಉಳಿಯುವ ವಿಷಗಳ ಕುರಿತ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಕೆಲವು ವಿನಾಯಿತಿ ಇಟ್ಟುಕೊಂಡು ಅದನ್ನು ಜಗತ್ತಿನಿಂದಲೇ ತೆಗೆದುಹಾಕಬೇಕಾದ ರಾಸಾಯನಿಕಗಳ ಪಟ್ಟಿಗೆ ಸೇರಿಸಿದವು. ಅದರ ಜಾಗಕ್ಕೆ ಬೇರುಹುಳುವಿಗೆ ಇಮಿಡಾಕ್ಲೋಪ್ರಿಡ್ ಬಂದಿದೆ. ಅದು ಕಿಣ್ವದ ತಂಟೆಗೆ ಹೋಗದೆ ಹುಳದ ನರದ ಗ್ರಾಹಕವನ್ನೇ ಹಿಡಿಯುತ್ತದೆ. ಮೇದೋಜೀರಕದ ಜೀವಕೋಶದ ಗ್ರಾಹಕ ಆ ಜಾತಿಯದ್ದಲ್ಲ, ಅಷ್ಟರ ಮಟ್ಟಿಗೆ ದನ, ನಾಯಿ, ನಾವು ಬಚಾವ್. ತೋಟದ ಅಂಚಿನ ಪೆಟ್ಟಿಗೆಯ ತುಡುವೆ ಜೇನು ಮಾತ್ರ ಬಚಾವ್ ಅಲ್ಲ. ಮೊದಲ ಮಳೆಗೆ ಮುಸ್ಸಂಜೆ ಹೊತ್ತಿನಲ್ಲಿ ಮಣ್ಣಿನಿಂದೇಳುವ ಬೇರುಹುಳುವಿನ ದುಂಬಿಗಳನ್ನು ಹಿಡಿದು ಕೊಲ್ಲುವುದು, ಬೇರುಹುಳುವನ್ನು ಕೊಲ್ಲುವ ಸಣ್ಣ ಜಂತುಹುಳುಗಳನ್ನು (ನೆಮಟೋಡ್) ತೇವದ ಮಣ್ಣಿಗೆ ಬಿಡುವುದು ನಿಧಾನದ ದಾರಿಗಳು, ಆದರೆ ಇರುವ ದಾರಿಗಳೇ.

ನಾಯಿಗೆ ವಿಷ ತಾಗಿದ್ದರೆ ಅಟ್ರೋಪಿನ್‌ಗೆ ಜೊಲ್ಲು ನಿಂತ ದಿನವೇ ಕೇಸ್ ಮುಚ್ಚಬೇಡಿ. ಎರಡು ಮೂರು ದಿನ ಬಿಟ್ಟು ಅದು ಅನ್ನ ಬಿಟ್ಟರೆ, ಪದೇ ಪದೇ ವಾಂತಿ ಮಾಡಿದರೆ, ಮುಂಗಾಲು ನೆಲಕ್ಕೆ ಚಾಚಿ ಹಿಂಭಾಗ ಮೇಲೆತ್ತಿ ನಿಂತರೆ, ಹೊಟ್ಟೆ ಮುಟ್ಟಿದರೆ ಗುರ್ ಎಂದರೆ ಮೇದೋಜೀರಕವನ್ನು ನೋಡಿಸಬೇಕು. ರಕ್ತದಲ್ಲಿ ಪಿಷ್ಟ ಒಡೆಯುವ ಕಿಣ್ವವಾದ ಅಮೈಲೇಸ್ ಒಂದನ್ನೇ ನೋಡಿ ತೀರ್ಮಾನ ಮಾಡುವ ಹಾಗಿಲ್ಲ, ಅದು ಬೇರೆ ಕಾರಣಕ್ಕೂ ಏರುತ್ತದೆ. ನಾಯಿಯ ಮೇದೋಜೀರಕದ್ದೇ ಲೈಪೇಸ್, ಅಂದರೆ ಕೊಬ್ಬು ಒಡೆಯುವ ಕಿಣ್ವ, ಅಳೆಯುವ ಪರೀಕ್ಷೆ ಬೇರೆ ಇದೆ, ಅದನ್ನು ಮಾಡಿಸಿ ಅಂತ ಕೇಳಬೇಕು. ಮನುಷ್ಯರ ಜೊಲ್ಲಿನಲ್ಲೇ ಅಮೈಲೇಸ್ ಇದೆ. ಹಾಗಾಗಿ ಔಷಧಿ ಹೊಡೆಯಲು ಹೋಗಿ ಆಸ್ಪತ್ರೆ ಸೇರಿದವರ ವಿಷಯದಲ್ಲೂ ಹೊಟ್ಟೆನೋವು ಅಂದ ಕೂಡಲೇ ಕೇಳಬೇಕಾದ್ದು ಲೈಪೇಸ್ ಎಷ್ಟಿದೆ ಅಂತ.